ಗಿರಿಗೆ ಸೈಕಲ್ ಬರಲಿ, ಹುಲ್ಲಿನ ಮೇಲೆ ಮಾತ್ರ ಬೇಡ

ಚಿಕ್ಕಮಗಳೂರು: ವಾರಾಂತ್ಯದ ಬೆಳಗ್ಗೆ ಆರು ಗಂಟೆಗೆ ಕೈಮರ ಚೆಕ್‌ಪೋಸ್ಟ್ ಹತ್ತಿರ ನಿಂತರೆ ಗಿರಿಯ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತೆ. ಬೆಂಗಳೂರು ಕಡೆಯ ಕಾರು, ಟಿಟಿ, ಬೈಕ್‌ಗಳ ಸಾಲು. ಅದರ ನಡುವೆ ಹಿಂದೆ ಕೆಂಪು ಲೈಟ್ ಮಿನುಗಿಸಿಕೊಂಡು ಬರುವ ಗೇರ್ ಸೈಕಲ್‌ಗಳೂ ಒಂದೆರಡು. ಕೆಲವರು ಮುಳ್ಳಯ್ಯನಗಿರಿ ಹತ್ತಿ ಮಧ್ಯಾಹ್ನದೊಳಗೆ ವಾಪಸ್ ಇಳಿಯುವವರು. ಇನ್ನು ಕೆಲವರು ಸೈಕಲ್‌ನ ಎರಡೂ ಬದಿಗೆ ಬ್ಯಾಗ್ ಕಟ್ಟಿಕೊಂಡು ಮೂರ್ನಾಲ್ಕು ದಿನ ಊರೂರು ಸುತ್ತಲು ಹೊರಟವರು.

ಈ ಎರಡನೇ ಗುಂಪು ಕಾಫಿನಾಡಿಗೆ ಹೊಸದು. ಇವರನ್ನು ಹೇಗೆ ನೋಡಬೇಕು ಅನ್ನುವುದು ಜಿಲ್ಲೆಯಲ್ಲಿ ಇನ್ನೂ ಸರಿಯಾಗಿ ಚರ್ಚೆ ಆಗಿಲ್ಲ. ಸೈಕಲ್ ಅಂದ್ರೆ ಹೊಗೆ ಇಲ್ಲ, ಸದ್ದಿಲ್ಲ, ಪರಿಸರಕ್ಕೆ ಒಳ್ಳೆಯದು ಅಂತ ಒಂದು ಮಾತು. ಮೊದಲೇ ಕಿರಿದಾದ ರಸ್ತೆ, ಅದರಲ್ಲಿ ಇವರೊಬ್ಬರು ಅಡ್ಡ ಅನ್ನೋದು ಇನ್ನೊಂದು ಮಾತು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ನಿಜವಾದ ಪ್ರಶ್ನೆ ಟಾರು ರಸ್ತೆ ಮುಗಿದ ಮೇಲೆ ಶುರುವಾಗುತ್ತೆ.

ಸ್ಲಾಟ್ ಬಂತು, ರಸ್ತೆ ಬದಲಾಗಲಿಲ್ಲ

2025ರ ಸೆಪ್ಟೆಂಬರ್ 1ರಿಂದ ಗಿರಿ ಭಾಗಕ್ಕೆ ಹೋಗುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ನೋಂದಣಿ ಕಡ್ಡಾಯ ಆಯಿತು. ಬೆಳಗ್ಗೆ 6ರಿಂದ 12ರವರೆಗೆ ಒಂದು ಪಾಳಿ, ಮಧ್ಯಾಹ್ನ 1ರಿಂದ ಸಂಜೆ 6ರವರೆಗೆ ಇನ್ನೊಂದು. ಪಾಳಿಗೆ 600 ವಾಹನದಂತೆ ದಿನಕ್ಕೆ 1,200 ಅನ್ನೋದು ಮಿತಿ. ಅದಕ್ಕೂ ಮೊದಲು ರಜೆ ದಿನಗಳಲ್ಲಿ ಸೀತಾಳಯ್ಯನಗಿರಿ ತಿರುವಿನಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡವರಿಗೆ ಈ ಮಿತಿ ಯಾಕೆ ಬೇಕಿತ್ತು ಅಂತ ಹೇಳಬೇಕಾಗಿಲ್ಲ.

ಇದು ನಮ್ಮಲ್ಲಿ ಮಾತ್ರ ಬಂದ ಕ್ರಮವಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿಂದಲೇ ಇ-ಪಾಸ್ ಇದೆ. ಬೆಟ್ಟ ತಡೆದುಕೊಳ್ಳುವಷ್ಟೇ ಜನ ಬರಲಿ ಅನ್ನೋ ಲೆಕ್ಕಾಚಾರ ಪಶ್ಚಿಮ ಘಟ್ಟದ ಉದ್ದಕ್ಕೂ ಶುರುವಾಗಿದೆ.

ಆದರೆ ಈ ಲೆಕ್ಕ ಮೋಟಾರು ವಾಹನ ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಲೆಕ್ಕ. ದಿನಕ್ಕೆ ಎಷ್ಟು ಗಾಡಿ ಅಂತ ಅದು ಹೇಳುತ್ತೆ. ಯಾವ ಗಂಟೆಯಲ್ಲಿ ರಸ್ತೆ ಹೇಗಿರುತ್ತೆ ಅಂತ ಹೇಳಲ್ಲ. ಬೆಳಗಿನ ಪಾಳಿಯ 600 ಗಾಡಿಯಲ್ಲಿ ದೊಡ್ಡ ಪಾಲು ಸೂರ್ಯೋದಯ ನೋಡೋಕೆ ಅಂತ ಮೊದಲ ಎರಡು ಗಂಟೆಯಲ್ಲೇ ನುಗ್ಗಿದರೆ, ಸೈಕಲ್ ತುಳಿಯುವವನ ಪಾಲಿಗೆ ಮಿತಿ ಇದ್ದೂ ಇಲ್ಲದ ಹಾಗೆ.

ಹತ್ತುವವನ ಲೆಕ್ಕ ನೋಡಿ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ರಸ್ತೆ ಮುಗಿಯುವುದು ದೇವಸ್ಥಾನದ ಮೆಟ್ಟಿಲಿನ ಬುಡದಲ್ಲಿ. ಅಂದ್ರೆ 20 ಕಿ.ಮೀ. ಆಸುಪಾಸಿನ ದಾರಿಯಲ್ಲಿ ಮುಕ್ಕಾಲು ಕಿಲೋಮೀಟರ್‌ನಷ್ಟು ಎತ್ತರ ಏರಬೇಕು. ಅದೂ ಒಂದೇ ಸಮನೆ ಅಲ್ಲ. ಕೈಮರದವರೆಗೆ ಸಲೀಸು, ಆಮೇಲೆ ಏರು, ಸೀತಾಳಯ್ಯನಗಿರಿ ದಾಟಿದ ಮೇಲೆ ಒಂದು ಕಾರು ಬಂದರೆ ಇನ್ನೊಂದು ನಿಲ್ಲಬೇಕಾದ ದಾರಿ. ಆ ಕೊನೆಯ ತುಂಡಿನಲ್ಲಿ ಒಳ್ಳೆ ಅಭ್ಯಾಸ ಇರುವವರೂ ನಡೆಯುವ ವೇಗದಲ್ಲೇ ತುಳಿಯೋದು. ಹಿಂದಿನಿಂದ ಹಾರನ್ ಹೊಡೆದರೆ ಪಕ್ಕಕ್ಕೆ ಸರಿಯಲು ಇರುವುದು ಕಣಿವೆ.

ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು ಅಂತ 2017ರ ಮೋಟಾರು ವಾಹನ ಚಾಲನಾ ನಿಯಮದಲ್ಲೇ ಇದೆ. ಗಿರಿಯಲ್ಲಿ ಓಡಾಡುವ ಎಷ್ಟು ಜನಕ್ಕೆ ಅದು ಗೊತ್ತು ಅನ್ನೋದು ಬೇರೆ ವಿಷಯ. ಸ್ಲಾಟ್ ಬುಕ್ ಮಾಡಿದವರಿಗೆ ಹೋಗುವ ಸಂದೇಶದಲ್ಲಿ ಈ ಒಂದು ಸಾಲು ಸೇರಿಸೋಕೆ ಖರ್ಚೇನೂ ಇಲ್ಲ.

ಪ್ರತ್ಯೇಕ ಟ್ರ್ಯಾಕ್ ಕೇಳಬೇಡಿ

ಸೈಕಲ್ ವಿಚಾರ ಬಂದ ಕೂಡಲೇ ಪ್ರತ್ಯೇಕ ಸೈಕಲ್ ಪಥದ ಬೇಡಿಕೆ ಏಳುತ್ತೆ. ಬೆಂಗಳೂರು, ಮೈಸೂರಿನಲ್ಲಿ ಅದು ನ್ಯಾಯವಾದ ಬೇಡಿಕೆ. ಗಿರಿಯಲ್ಲಿ ಅದರಷ್ಟು ಅಪಾಯದ ಯೋಚನೆ ಇನ್ನೊಂದಿಲ್ಲ. ಇಲ್ಲಿ ರಸ್ತೆಯನ್ನು ಒಂದು ಮೀಟರ್ ಅಗಲ ಮಾಡಬೇಕಾದರೂ ಬೆಟ್ಟದ ಬದಿ ಕಡಿಯಬೇಕು. ಕಡಿದ ಬದಿ ಮೊದಲ ಜೋರು ಮಳೆಗೆ ಕೆಳಗೆ ಬರುತ್ತೆ. ಮಳೆಗಾಲದಲ್ಲಿ ಗಿರಿ ರಸ್ತೆಯಲ್ಲಿ ಮಣ್ಣು ಕುಸಿದು ಪ್ರವಾಸಿಗರನ್ನು ತಡೆಯುವುದು ಇಲ್ಲಿನವರಿಗೆ ಹೊಸ ಸುದ್ದಿ ಏನಲ್ಲ.

ಇಲ್ಲಿ ಬೇಕಿರೋದು ಜಾಗ ಅಲ್ಲ, ಸಮಯ. ವಾರದಲ್ಲಿ ಒಂದು ದಿನ, ಬೆಳಗ್ಗೆ ಎರಡೇ ಗಂಟೆ ಸೀತಾಳಯ್ಯನಗಿರಿಯಿಂದ ಮೇಲಕ್ಕೆ ಪ್ರವಾಸಿ ಮೋಟಾರು ವಾಹನ ಬಿಡದೆ ಸೈಕಲ್ ಮತ್ತು ನಡೆದು ಹೋಗುವವರಿಗೆ ಮಾತ್ರ ಅವಕಾಶ ಕೊಡಬಹುದು. ಸ್ಲಾಟ್ ವ್ಯವಸ್ಥೆ ಇಲ್ಲದಾಗ ಇದು ಆಗದ ಮಾತಾಗಿತ್ತು. ಈಗ ಗೇಟ್ ಇದೆ, ಪಟ್ಟಿ ಇದೆ. ಒಂದು ಪಾಳಿಯ ಶುರುವನ್ನು ಎರಡು ಗಂಟೆ ತಡ ಮಾಡಿದರೆ ಸಾಕು. ದೇವಸ್ಥಾನಕ್ಕೆ ಹೋಗುವವರು, ಅಲ್ಲೇ ಬದುಕುವವರು, ತೋಟದ ಗಾಡಿಗಳನ್ನು ಇದಕ್ಕೆ ಸೇರಿಸುವ ಹಾಗೇ ಇಲ್ಲ.

ತೋಟದ ಗಾಡಿ ಅಂದಾಗ ಒಂದು ವಿಷಯ ಬಿಡಿಸಿ ಹೇಳಬೇಕು. ಇಲ್ಲಿ ಸೈಕಲ್ ಪ್ರವಾಸಕ್ಕೆ ಹದವಾದ ಕಾಲ ನವೆಂಬರ್‌ನಿಂದ ಫೆಬ್ರವರಿ. ಮಳೆ ಇರಲ್ಲ, ಬಿಸಿಲು ಇನ್ನೂ ಏರಿರಲ್ಲ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತೆ. ಸರಿಯಾಗಿ ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ. ಬೆಳಗ್ಗೆ ಏಳರಿಂದ ಎಂಟೂವರೆ ತನಕ ಮಲ್ಲಂದೂರು, ಅತ್ತಿಗುಂಡಿ, ಆಲ್ದೂರು ಕಡೆಯ ಒಳರಸ್ತೆಗಳಲ್ಲಿ ಜನ ತುಂಬಿಕೊಂಡ ಜೀಪು, ಪಿಕಪ್‌ಗಳ ಓಡಾಟ. ಕೂಲಿಗೆ ಹೊತ್ತಾಯ್ತು ಅಂತ ಅವು ನಿಧಾನ ಹೋಗಲ್ಲ. ರಜೆಗೆ ಬಂದು ಸೈಕಲ್ ತುಳಿಯುವವರು ದುಡಿಮೆಗೆ ಹೊರಟವರಿಗೆ ದಾರಿ ಬಿಡುವುದೇ ಸರಿ. ಆರಕ್ಕೆ ಹೊರಟು ಏಳರೊಳಗೆ ತೋಟದ ರಸ್ತೆ ದಾಟಬೇಕು, ಇಲ್ಲ ಒಂಬತ್ತರ ಮೇಲೆ ಹೊರಡಬೇಕು.

ಆರಕ್ಕೆ ಹೊರಡುವುದಕ್ಕೂ ಒಂದು ತೊಡಕಿದೆ. ಆನೆ. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಆನೆ ತೋಟದಿಂದ ತೋಟಕ್ಕೆ ದಾಟುವ ಹೊತ್ತು. 2022ರಲ್ಲಿ ಜಿಲ್ಲೆಗೆ ಆನೆ ಕಾರ್ಯಪಡೆ ಬಂದಿದ್ದು ಸುಮ್ಮನೆ ಅಲ್ಲ. ಜೀವ ಹೋದ ಮೇಲೆ. ಕಾರಿನ ಸದ್ದು ಆನೆಗೆ ದೂರದಿಂದಲೇ ಕೇಳುತ್ತೆ, ಸೈಕಲ್ ಸದ್ದು ಕೇಳಲ್ಲ. ತಿರುವು ದಾಟಿದ ಕೂಡಲೇ ಎದುರುಬದುರು. ಸದ್ದಿಲ್ಲ ಅಂತ ಹೊಗಳುವ ಗುಣವೇ ಕಾಡಂಚಿನಲ್ಲಿ ಕುತ್ತು. ಆನೆ ಎಲ್ಲಿದೆ ಅನ್ನುವ ಮಾಹಿತಿಯನ್ನು ತೋಟದ ಜನ ಕೇಳಿಕೊಂಡು ಕೆಲಸಕ್ಕೆ ಹೋಗುವ ಹಾಗೆ, ಸೈಕಲ್ ಪ್ರವಾಸಿಯೂ ಹಿಂದಿನ ರಾತ್ರಿ ಉಳಿದ ಮನೆಯಲ್ಲಿ ಕೇಳಿಕೊಂಡೇ ಹೊರಡಬೇಕು. ಹೋಮ್‌ಸ್ಟೇಯವರು ಕಾಫಿ ಕೊಡುವಾಗ ಹೇಳಬೇಕಾದ ಮೊದಲ ಮಾತು ಅದೇ.

ಬೋಳುಗುಡ್ಡ ಬರಿಗುಡ್ಡ ಅಲ್ಲ

ಇನ್ನು ಮುಖ್ಯ ವಿಷಯ. ಗಿರಿಯ ಮೇಲೆ ನಿಂತರೆ ಕಣ್ಣಿಗೆ ಬೀಳೋದು ಅಲೆ ಅಲೆಯಾದ ಹುಲ್ಲಿನ ಗುಡ್ಡ, ಅದರ ಮಡಿಲಿನಲ್ಲಿ ಕಪ್ಪಗೆ ಕುಳಿತ ಶೋಲಾ ಕಾಡು. ಗುಡ್ಡದ ಮೇಲೆ ಸೀಳು ಬಿಟ್ಟ ಕಾಲುದಾರಿ. ಗುಡ್ಡದ ದಾರಿಗೆ ಅಂತಲೇ ಮಾಡಿದ ದಪ್ಪ ಟೈರಿನ ಸೈಕಲ್ ಇದ್ದವನಿಗೆ ಅದು ಕೈಬೀಸಿ ಕರೆದ ಹಾಗೆ ಅನ್ನಿಸುತ್ತೆ. ಅಂಥ ಸವಾರಿಯ ವಿಡಿಯೊ ಒಂದು ಓಡಿದರೆ ಸಾಕು, ಮುಂದಿನ ವಾರ ಹತ್ತು ಜನ.

ಹುಲ್ಲುಗಾವಲನ್ನು ಬರಡು ಭೂಮಿ ಅಂತ ತಿಳಿಯೋ ತಪ್ಪು ಹಳೇದು. ಮರ ಕಡಿದು ಬೋಳಾದ ಗುಡ್ಡ ಅಂತ ತಿಳಿದು ಘಟ್ಟದ ಎಷ್ಟೋ ಕಡೆ ಅಕೇಶಿಯಾ, ನೀಲಗಿರಿ ನೆಟ್ಟರು. ಆದರೆ ಇದು ಯಾರೂ ಬೋಳಿಸಿದ ಗುಡ್ಡವಲ್ಲ. ಗಾಳಿ, ಚಳಿ, ತೆಳು ಮಣ್ಣು ಸೇರಿ ಇಳಿಜಾರಿನಲ್ಲಿ ಮರ ಏಳಲು ಬಿಡದೆ, ನೀರು ನಿಲ್ಲುವ ಮಡಿಕೆಯಲ್ಲಿ ಮಾತ್ರ ಕಾಡು ಬೆಳೆದು ಸಾವಿರಾರು ವರ್ಷದಿಂದ ಹೀಗೇ ಇದೆ. ಮಳೆ ಬಿದ್ದಾಗ ಹುಲ್ಲಿನ ಬೇರು ನೀರನ್ನು ಹಿಡಿದು ನಿಧಾನಕ್ಕೆ ಬಿಡುತ್ತೆ. ಅದಕ್ಕೇ ಫೆಬ್ರವರಿಯಲ್ಲೂ ಮಡಿಲಿನ ಹಳ್ಳ ಹರಿಯೋದು.

ಆ ನೀರು ಎಲ್ಲಿಗೆ ಹೋಗುತ್ತೆ? ಪೂರ್ವಕ್ಕೆ ಇಳಿಯುವ ವೇದಾ, ಆವತಿ ಹೊಳೆಗಳು ಅಯ್ಯನಕೆರೆ, ಮದಗದಕೆರೆ ಕಡೆ ಹರಿದು ಮುಂದೆ ವೇದಾವತಿಯಾಗುತ್ತವೆ. ಕಡೂರಿನ ಬಯಲಿಗೆ ನೀರುಣಿಸಿ, ಹಿರಿಯೂರಿನ ವಾಣಿವಿಲಾಸ ಸಾಗರ ಸೇರುವುದು ಇದೇ ನೀರು. ಚಿಕ್ಕಮಗಳೂರು ಪೇಟೆಯವರು ಕುಡಿಯುವ ಹಿರೇಕೊಳಲೆ ಕೆರೆಯ ನೀರೂ ಗಿರಿಯ ಬುಡದ್ದೇ. ಮಲೆನಾಡಿನ ಹುಲ್ಲು ಬಯಲುಸೀಮೆಯ ಬೋರ್‌ವೆಲ್‌ವರೆಗೂ ಸಂಬಂಧ ಇಟ್ಟುಕೊಂಡಿದೆ.

ಸೈಕಲ್ ಚಕ್ರ ಹುಲ್ಲಿನ ಮೇಲೆ ಮಾಡೋದು ಏನು ಅಂದ್ರೆ, ಒಂದು ಸಣ್ಣ ಗೆರೆ. ಹತ್ತು ಸೈಕಲ್ ಅದೇ ಗೆರೆಯಲ್ಲಿ ಹೋದರೆ ಹುಲ್ಲು ಸತ್ತು ಮಣ್ಣು ಕಾಣುತ್ತೆ. ಇಳಿಜಾರಿಗೆ ನೇರ ಇಳಿದ ಆ ಗೆರೆ ಜೂನ್ ಬಂದಾಗ ಚರಂಡಿ. ಚರಂಡಿ ಅಗಲ ಆಗಿ ಕೊರಕಲು. ಜೀಪು, ಬೈಕ್‌ಗಳ ಆಫ್‌ರೋಡ್ ಮೋಜು ಎಷ್ಟು ಕಡೆ ಇದೇ ಕೆಲಸ ಮಾಡಿದೆ ಅಂತ ಗಿರಿ ನೋಡಿದವರಿಗೆ ಗೊತ್ತು. ಸೈಕಲ್ ಹಗುರ, ಹಾನಿ ಕಮ್ಮಿ ಅನ್ನೋದು ನಿಜ. ಆದರೆ ಜೀಪ್ ಹೋಗಲಾಗದ ಕಡೆಗೂ ಸೈಕಲ್ ಹೋಗುತ್ತೆ, ಅದೂ ಅಷ್ಟೇ ನಿಜ. 2022ರಲ್ಲಿ ಗಿರಿ ತುಂಬ ನೀಲಕುರಿಂಜಿ ಅರಳಿದಾಗ ಫೋಟೊಗೆ ಅಂತ ಹೂವಿನ ಮಧ್ಯೆ ನುಗ್ಗಿದ ಕಾಲುಗಳನ್ನು ತಡೆಯುವುದೇ ಕಷ್ಟವಾಗಿತ್ತು. ಹನ್ನೆರಡು ವರ್ಷಕ್ಕೆ ಒಮ್ಮೆ ಹೂ ಬಿಡುವ ಗಿಡಕ್ಕೆ ನಡುವಿನ ವರ್ಷಗಳಲ್ಲಿ ಬೇರು ಉಳಿಯಬೇಕಲ್ಲ.

ಹಾಗಾಗಿ ಇಲ್ಲಿ ಅರ್ಧಂಬರ್ಧ ನಿಯಮ ಬೇಡ. ಟಾರು ರಸ್ತೆ, ಊರ ರಸ್ತೆ, ಮಾಲೀಕರು ಒಪ್ಪಿದ ತೋಟದ ಹಳೇ ದಾರಿ, ಇಷ್ಟರಲ್ಲಿ ಸೈಕಲ್‌ಗೆ ಸ್ವಾಗತ. ಹುಲ್ಲುಗಾವಲು, ಶೋಲಾ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಲ್ಲ. ಭದ್ರಾ ಅಭಯಾರಣ್ಯದೊಳಗಿನ ಊರುಗಳ ಜನ 2000ದ ದಶಕದ ಆರಂಭದಲ್ಲಿ ಮನೆ, ಗದ್ದೆ ಬಿಟ್ಟು ಹೊರಗೆ ಬಂದರು. ಅವರು ಕಾಡಿಗಾಗಿ ಬಿಟ್ಟುಕೊಟ್ಟ ದಾರಿಯಲ್ಲಿ ಮೋಜಿನ ಸವಾರಿಗೆ ಟಿಕೆಟ್ ಹರಿಯುವುದನ್ನು ಯಾವ ಮುಖ ಇಟ್ಟುಕೊಂಡು ಸಮರ್ಥಿಸೋದು?

ಇಂಗ್ಲೆಂಡಿನಲ್ಲೂ ಇದೇ ತಕರಾರು

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ ನೋಡಬೇಕೆಂದರೆ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಒಳ್ಳೆ ಉದಾಹರಣೆ. ಹೆಸರು ಹೊಸ ಕಾಡು, ಆದರೆ 1079ರಲ್ಲಿ ರಾಜನ ಬೇಟೆಗೆ ಅಂತ ಮೀಸಲಿಟ್ಟ ಜಾಗ. 2005ರಿಂದ ರಾಷ್ಟ್ರೀಯ ಉದ್ಯಾನ. ನಮ್ಮ ಗಿರಿಯ ಹಾಗೇ ಕಾಡು ಒಂದು ತುಂಡು, ಬಯಲು ಒಂದು ತುಂಡು. ಬಯಲಿನಲ್ಲಿ ಹುಲ್ಲಿನ ಜೊತೆ ಮೊಣಕಾಲೆತ್ತರದ ಹೂಬಿಡುವ ಪೊದೆ. ಅಲ್ಲಿಯವರು ಅದನ್ನು ಹೀತ್ ಅಂತಾರೆ. ಸುತ್ತಲಿನ ಊರಿನವರಿಗೆ ತಲೆತಲಾಂತರದಿಂದ ಮೇಯಿಸುವ ಹಕ್ಕಿದೆ. ಅವರ ಸಾವಿರಾರು ಗಿಡ್ಡ ತಳಿಯ ಕುದುರೆಗಳು, ದನಗಳು ಬೇಲಿ ಇಲ್ಲದ ರಸ್ತೆಯಲ್ಲೇ ಓಡಾಡುತ್ತವೆ. ಅದಕ್ಕೇ ಆ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 40 ಮೈಲಿ, ಅಂದರೆ 64 ಕಿ.ಮೀ.

ಸೈಕಲ್ ಪ್ರವಾಸಕ್ಕೆ ಆ ಜಾಗ ಹೆಸರುವಾಸಿ. ಆದರೂ ಕಾಡು, ಬಯಲಿನಲ್ಲಿ ಮನಸ್ಸು ಬಂದಲ್ಲಿ ಸೈಕಲ್ ಬಿಡುವಂತಿಲ್ಲ; ಗುರುತು ಹಾಕಿದ ಜಲ್ಲಿದಾರಿಯಲ್ಲಿ ಮಾತ್ರ. ಇಷ್ಟೆಲ್ಲ ಶಿಸ್ತು ಇದ್ದೂ 2013ರಲ್ಲಿ ಅಲ್ಲಿ ದೊಡ್ಡ ಗಲಾಟೆ ಆಯಿತು. ಸಾವಿರಾರು ಜನ ಒಟ್ಟಿಗೆ ಹೊರಟ ಸೈಕಲ್ ಸವಾರಿಯ ದಾರಿಗೆ ಯಾರೋ ಮೊಳೆ ಚೆಲ್ಲಿದರು, ದಾರಿ ತೋರುವ ಫಲಕ ಕಿತ್ತರು. ಮೊಳೆ ಚೆಲ್ಲೋದು ಹೇಡಿ ಕೆಲಸ. ಆದರೆ ಸಿಟ್ಟು ಎಲ್ಲಿಂದ ಬಂತು ಅಂತಲೂ ನೋಡಬೇಕು. ಇಬ್ಬರು ಮೂವರು ಸೈಕಲ್‌ನವರು ಬಂದು ಹೋದರೆ ದನ ಕಾಯುವವರಿಗೆ ಏನೂ ಅನ್ನಿಸಿರಲಿಕ್ಕಿಲ್ಲ. ಒಂದೇ ದಿನ ಊರ ರಸ್ತೆ ಪೂರಾ ಆಕ್ರಮಿಸಿ, ಸಂಜೆ ಊರಿಗೆ ಏನೂ ಉಳಿಸದೆ ಹೋಗುವ ಜಾತ್ರೆ ಬೇರೆ.

ನಮ್ಮಲ್ಲಿ ನೆನಪಿಡಬೇಕಾದ್ದು ಇದನ್ನೇ. ಮೂವತ್ತು ಸೈಕಲ್, ಅದರ ಹಿಂದೆ ನೀರು, ಬಾಳೆಹಣ್ಣು, ರಿಪೇರಿ ಸಾಮಾನು ಹೊತ್ತ ನಾಲ್ಕು ಸಪೋರ್ಟ್ ಗಾಡಿ, ಮುಂದೆ ವಿಡಿಯೊ ಮಾಡುವ ಎರಡು ಬೈಕ್ ಅಂತ ಬಂದರೆ ಅದು ಸೈಕಲ್ ಪ್ರವಾಸ ಅಲ್ಲ, ಮೆರವಣಿಗೆ. ರಸ್ತೆಗೂ ಭಾರ, ಊರಿನ ಅಂಗಡಿಗೂ ವ್ಯಾಪಾರ ಇಲ್ಲ. ಕಾರಿನ ಮೇಲೆ ಸೈಕಲ್ ಕಟ್ಟಿ ಗಿರಿಗೆ ಹೊತ್ತು ತಂದು, ಬರೀ ಇಳಿಜಾರು ಇಳಿದು ಹೋಗುವವರನ್ನು ಕಾರಿನ ಲೆಕ್ಕಕ್ಕೇ ಹಾಕಬೇಕು.

ಶಿಖರ ಬಿಟ್ಟು ಸುತ್ತು

ಹಾಗಾದ್ರೆ ಎಲ್ಲಿ ತುಳಿಯಬೇಕು? ಇಲ್ಲಿ ಜಿಲ್ಲೆಯ ಹತ್ತಿರ ಒಂದು ಒಳ್ಳೆ ಎಲೆ ಇದೆ, ಆಡಿಲ್ಲ ಅಷ್ಟೆ. ಚಂದ್ರದ್ರೋಣ ಶ್ರೇಣಿ ನಕ್ಷೆಯಲ್ಲಿ ಲಾಳದ ಆಕಾರ. ಅದರ ಬುಡದಲ್ಲಿ ಸುತ್ತುವ ರಸ್ತೆಗಳೆಲ್ಲ ಈಗಾಗಲೇ ಇವೆ. ಹೊಸದಾಗಿ ಒಂದು ಗುದ್ದಲಿಯೂ ಬೇಕಿಲ್ಲ.

ರೈಲಿನಲ್ಲಿ ಸೈಕಲ್ ಲಗೇಜ್ ಹಾಕಿಸಿ ಕಡೂರಿನಲ್ಲಿ ಇಳಿದರೆ ಚಿಕ್ಕಮಗಳೂರಿಗೆ ಸುಮಾರು 40 ಕಿ.ಮೀ. ಮಧ್ಯದಲ್ಲಿ ಸಖರಾಯಪಟ್ಟಣ, ಅಲ್ಲಿಂದ ಒಳಕ್ಕೆ ಅಯ್ಯನಕೆರೆ. ಕೆರೆಯ ಹಿಂದೆ ಗೋಪುರದ ಹಾಗೆ ನಿಂತ ಶಕುನಗಿರಿ. ತೆಂಗು, ರಾಗಿಯ ಬಯಲಿನಿಂದ ಗಿರಿಯನ್ನು ಕೆಳಗಿನಿಂದ ನೋಡುವ ಈ ದಾರಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಬೆಲೆ ಇಲ್ಲ, ಅದೇ ಅದರ ಪುಣ್ಯ. ಎರಡನೇ ದಿನ ಗಿರಿ: ಕೈಮರ, ಕವಿಕಲ್‌ಗಂಡಿ, ಅತ್ತಿಗುಂಡಿ, ಶಕ್ತಿ ಇದ್ದರೆ ಬಾಬಾಬುಡನ್‌ಗಿರಿ. ಯೆಮನ್‌ನಿಂದ ಏಳು ಕಾಫಿ ಬೀಜ ಬಂದು ಮೊದಲು ಮೊಳೆತ ಬೆಟ್ಟ ಅಂತ ನಂಬಿಕೆ ಇರುವ ಜಾಗಕ್ಕೆ ಕಾಫಿ ತೋಟಗಳ ನಡುವೆ ಸೈಕಲ್ ತುಳಿದು ಹೋಗೋದಕ್ಕೆ ಒಂದು ಅರ್ಥ ಇದೆ. ಮೂರನೇ ದಿನ ಲಿಂಗದಹಳ್ಳಿ ಕಡೆ ಇಳಿದು, ಕಲ್ಲತ್ತಿಗಿರಿ ನೋಡಿ, ತರೀಕೆರೆಯಲ್ಲಿ ರೈಲು. ಕಾಲಿನಲ್ಲಿ ಇನ್ನೂ ಬಲ ಉಳಿದಿದ್ದರೆ ಮೇಲೆ ಕೆಮ್ಮಣ್ಣುಗುಂಡಿ.

ಇದರಲ್ಲಿ ಸಮಸ್ಯೆ ಇಲ್ಲ ಅಂತಲ್ಲ. ತರೀಕೆರೆಯಂಥ ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ಲಗೇಜ್ ಬೋಗಿಗೆ ಸೈಕಲ್ ಏರಿಸೋದು ಒಂದು ಸಾಹಸ. ಮಧ್ಯೆ ಪಂಕ್ಚರ್ ಆದರೆ ಊರಿನ ಅಂಗಡಿಯಲ್ಲಿ ಗೇರ್ ಸೈಕಲ್‌ನ ಟ್ಯೂಬ್ ಸಿಗಲ್ಲ. ದತ್ತ ಜಯಂತಿ ದಿನಗಳಲ್ಲಿ ಗಿರಿಗೆ ಪ್ರವಾಸಿಗರ ಪ್ರವೇಶ ಬಂದ್ ಇರುತ್ತೆ. ತಿಳಿಯದೆ ಬಂದವರು ಕೈಮರದಿಂದ ವಾಪಸ್. ಮಾರ್ಚ್ ದಾಟಿದರೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಕಾಲ, ಒಂದು ಸಿಗರೇಟ್ ತುಂಡು ಸಾಕು.

ದುಡ್ಡಿನ ವಿಷಯಕ್ಕೆ ಬಂದರೆ, ಸೈಕಲ್ ಪ್ರವಾಸದಿಂದ ಊರೆಲ್ಲ ಉದ್ಧಾರ ಆಗುತ್ತೆ ಅನ್ನೋದು ದೊಡ್ಡ ಮಾತು. ಬರುವವರೇ ಕಡಿಮೆ ಜನ. ಆದರೆ ಕಾರಿನಲ್ಲಿ ಬಂದವರು ಬೆಳಗ್ಗೆ ಹತ್ತಿ ಮಧ್ಯಾಹ್ನ ಪೇಟೆ ಹೋಟೆಲ್‌ನಲ್ಲಿ ಉಂಡು ಸಂಜೆ ಬೆಂಗಳೂರು ಸೇರಬಹುದು. ಬ್ಯಾಗ್ ಕಟ್ಟಿದ ಸೈಕಲ್‌ನವರು ದಿನಕ್ಕೆ 50-60 ಕಿ.ಮೀ. ದಾಟಿದರೆ ಹೆಚ್ಚು. ಪ್ರತಿ ಹತ್ತು ಹದಿನೈದು ಕಿಲೋಮೀಟರ್‌ಗೆ ಚಾ, ನೀರು, ಅಕ್ಕಿ ರೊಟ್ಟಿ ಬೇಕು; ಕತ್ತಲಾದ ಕಡೆ ಮಲಗಲು ಜಾಗ ಬೇಕು. ಆ ದುಡ್ಡು ಲಿಂಗದಹಳ್ಳಿ, ಸಖರಾಯಪಟ್ಟಣದಂಥ, ಪ್ರವಾಸೋದ್ಯಮದ ಪಟ್ಟಿಯಲ್ಲಿ ಹೆಸರೇ ಇಲ್ಲದ ಊರಲ್ಲಿ ಬೀಳುತ್ತೆ.

ಜಿಲ್ಲಾಡಳಿತ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮಾಡಬೇಕಾದ್ದು ಹೆಚ್ಚೇನಿಲ್ಲ. ಯಾವ ರಸ್ತೆ ಸೈಕಲ್‌ಗೆ ಸರಿ, ಯಾವುದು ಇಲ್ಲ ಅಂತ ಒಂದು ಹಾಳೆಯ ನಕ್ಷೆ. ಹುಲ್ಲುಗಾವಲಿಗೆ ಚಕ್ರ ಇಳಿಸಿದರೆ ದಂಡ ಎಷ್ಟು ಅಂತ ಕೈಮರದಲ್ಲೇ ಒಂದು ಫಲಕ, ಸೈಕಲ್‌ಗೂ ಜೀಪಿಗೂ ಸೇರಿಸಿ. ಮುಂಜಾನೆಯ ಆ ಎರಡು ಗಂಟೆ. ಒಂದೇ ದಿನಕ್ಕೆ ಎಷ್ಟು ಸೈಕಲ್‌ನ ಗುಂಪಿಗೆ ಅನುಮತಿ ಅನ್ನುವ ಮಿತಿಯನ್ನೂ ಈಗಲೇ ಹಾಕಿಬಿಡುವುದು ಲೇಸು. ಸಾವಿರ ಜನ ಬಂದ ಮೇಲೆ ಹಾಕಲು ಹೋದರೆ ಜಗಳವೇ ಆಗುತ್ತೆ.

ಅರೇಬಿಕಾ ಕೊಯ್ಲಿಗೆ ಆಳು ಹುಡುಕುವ ಓಡಾಟ ಶುರುವಾದರೆ ಸೈಕಲ್ ಸೀಸನ್ ಕೂಡ ಬಂತು ಅಂತಲೇ ಲೆಕ್ಕ. ಈ ಸಲ ಕೈಮರದ ಗೇಟಿಗೆ ಬಂದ ಸೈಕಲ್‌ನವರು ಯಾವ ರಸ್ತೆಯಲ್ಲಿ ಹೋಗಬಹುದು ಅಂತ ಕೇಳಿದರೆ, ಅಲ್ಲಿನ ಸಿಬ್ಬಂದಿ ಕೈಯಲ್ಲಿ ತೋರಿಸಲು ಒಂದು ಹಾಳೆಯಾದರೂ ಇರಬೇಕು.